ಸುಮನ್ ಅತ್ತಿ ಬಿಡಿಸಿ ಹೇಳಿದ ‘ರಾಟ್’

ತಂಬಾಕಿನ ಘಾಟು ಮೂಗಿಗೆ ಬಡದ್ರ ಇವತ್ತಿಗೂ ನನಗ ಸಿಟ್ಟು ನೆತ್ತಿಗೇರತೈತಿ. ಮೊನ್ನೆ ನಿಪ್ಪಾಣಿ ಬಸ್‌ಸ್ಟ್ಯಾಂಡಿನ್ಯಾಗ ಯಾರೋ ಬಾಜೂಕ ತಂಬಾಕಿನ ಚೀಲ ಇಟ್ರು. ಅಷ್ಟಕ್ಕ ನಮ್ಮ ಹಳೇ ಮನಿ ಪಡಸಾಲಿ ಕಣ್ಣಮುಂದ ಬಂದು ನಿಂತಿತು. ಆ ಜಾಗದಾಗ ಈಗ ಮೊಬೈಲ್ ಅಂಗಡಿ ಐತಿ. ಆಗ ಮಧ್ಯಾಹ್ನ ಆತಂದ್ರ ಓಣಿ ಹೆಂಗಸರೆಲ್ಲ ತೊಡಿ ಮ್ಯಾಲೆ ಮೊರ ಇಟ್ಕೊಂಡು ಅಲ್ಲಿ ಬೀಡಿ ಸುತ್ತತಿದ್ರು. ಅವರ ನಡುವ ಅಪ್ಪನ ತಂಗಿ, ಸುಮನ್ ಅತ್ತಿ. ಅಕಿ ಮೊರದಾಗ ಎಲಿ ಇರತಿರಲಿಲ್ಲ, ಪುಸ್ತಕ ಇರತಿತ್ತು. ಬಿ.ಎ. ಕಡೀ ವರ್ಷ ಅಕೀದು. ಅಕಿ ಓದ್ಲಿ ಅಂತ ಒಬ್ಬೊಬ್ಬಾಕಿನೂ ತಾನು ಸುತ್ತಿದ್ರಾಗಿಂದ ಒಂದು ಹಿಡಿ ತಗದು ಅಕಿ ಪಾಲಿಗೆ ಹಾಕ್ತಿದ್ಲು. ಮನಿ ಯಜಮಾನ ದೊಡ್ಡಪ್ಪ ಸಂಜಿಗೆ ಬಂದು ನೋಡಿದ್ರ ಅತ್ತಿ ಮೊರ ತುಂಬಿರತಿತ್ತು.

ಅದಕ್ಕ ಬದಲಿ ಅತ್ತಿ ದಿನಾ ಅವರಿಗೆ ಒಂದು ಇಂಗ್ಲಿಷ್ ಶಬ್ದ ಬಿಡಿಸಿ ಹೇಳಬೇಕು. ಒಂದಿನ ‘ರಾಟ್’ (wrought) ಬಂತು.

“ಹಂಗಂದ್ರ ಏನಬೇ?” ಅಂದ್ಲು ಬಾಜೂಮನಿ ಗಂಗವ್ವ.

“ಕೈಲೆ ಮಾಡಿದ್ದು. ಈಗ ‘ವರ್ಕ್ಡ್’ ಅಂತಾರಲ್ಲ, ಅದನ್ನ ಹಿಂದಕ್ಕ ‘ರಾಟ್’ ಅಂತಿದ್ರು. ‘ವರ್ಕ್’ನ್ಯಾಗಿನ ರಕಾರ ಮಂದಿ ನಾಲಿಗಿ ಮ್ಯಾಲೆ ಹೊಳ್ಳಾಡಿ ಮುಂದಕ್ಕ ಬಂತು. ನಮ್ಮವ್ವ ‘ಮತಲಬ್’ಗೆ ‘ಮತಬಲ್’ ಅಂತಾಳಲ್ಲ, ಹಂಗ!”

ಅಜ್ಜಿ ಬೊಚ್ಚುಬಾಯಿ ತಗದು ನಕ್ಲು. ಗಂಗವ್ವ ಒಂದು ಬೀಡಿ ಎತ್ತಿ ಹಿಡದು, “ಹಂಗಾರ ಇದೂ ರಾಟ್ ಅನ್ನು” ಅಂದ್ಲು. ಪಡಸಾಲಿ ತುಂಬ ನಗಿ. ಅತ್ತಿ ಮಾರಿ ಅಷ್ಟು ಅರಳಿದ್ದು ನಾ ಮತ್ತ ಎಂದೂ ನೋಡಲಿಲ್ಲ.

ಪರೀಕ್ಷಾ ವಾರದಾಗ ದೊಡ್ಡಪ್ಪ ಅಕಿ ಲಗ್ನ ಇಟ್ಟ. ಬೇಕಂತನ ಇಟ್ಟ. “ಪರೀಕ್ಷಾ ಒಂದು ಮುಗೀಲಿ ಅಣ್ಣಾ” ಅಂತ ಅತ್ತಿ ಕಾಲು ಹಿಡದ್ಲು. “ರೊಟ್ಟಿ ಬಡ್ಯಾಕ ಇಂಗ್ಲಿಷ್ ಬೇಕೇನ?” ಅಂದ ಆ ಪುಣ್ಯಾತ್ಮ. ನಮ್ಮಪ್ಪ ಅಲ್ಲೇ ಇದ್ದ, ತಲಿ ಕೆಳಗ ಹಾಕಿದ. ದೊಡ್ಡಪ್ಪ ಸತ್ತು ಎಷ್ಟೋ ವರ್ಷ ಆತು. ಆದ್ರೂ ಅವನ ಮ್ಯಾಲಿನ ಸಿಟ್ಟು ನನಗ ಇಳದಿಲ್ಲ, ಇಳಿಸ್ಕೊಳ್ಳಾಕ ಮನಸೂ ಇಲ್ಲ.

ಹೋದ ತಿಂಗಳು ರಾಯಬಾಗದಾಗ ಅತ್ತಿ ತೀರಿಕೊಂಡ್ಲು. ದಿನದ ಕಾರ್ಯಕ್ಕ ಹೋಗಿದ್ದೆ. ಹಾರ ಹಾಕಿದ ಫೋಟೋ ಮುಂದ ನಿಂತು ಅಕಿ ಮಗ ಬಂದವರಿಗೆಲ್ಲ ಹೇಳಾಕತ್ತಿದ್ದ: “ನಮ್ಮವ್ವ ಶಾಲಿ ಮೆಟ್ಟಲಾ ಹತ್ತಿದಾಕಿ ಅಲ್ರಿ, ಪಾಪ. ಆದ್ರ ನಮ್ಮನ್ನ ಕಲಿಸಿದ್ಲು.” ಹೊಗಳಿಕಿ ಅಂತನ ಹೇಳಾಕತ್ತಿದ್ದ. ಅಷ್ಟು ವರ್ಷ ಆ ಮನ್ಯಾಗ ಅಕಿ ಒಂದು ಪುಸ್ತಕ ಕೈಯಾಗ ಹಿಡದಿದ್ದನ್ನ ಯಾರೂ ನೋಡಿರಲಿಲ್ಲ.

ನನಗ ತಡಕೊಳ್ಳಾಕ ಆಗಲಿಲ್ಲ. “ನಿಮ್ಮವ್ವ ಬಿ.ಎ. ಓದಾಕತ್ತಿದ್ಲೋ!” ಅಂತ ಎಲ್ಲಾರ ಮುಂದ ಒದರಿದೆ.

ಅಂವ ಸಣ್ಣಗ ನಕ್ಕ. “ನೀವು ಬ್ಯಾರೇ ಯಾರನ್ನೋ ನೆನಸ್ಕೊಂಡೀರಿ ಅಕ್ಕಾ” ಅಂದ.