ಗೇಟಿನ ಮುಂದಿನ ಪಂಕ್ತಿ

ನಮ್ಮ ಕಂಪನಿಯನ್ನು ಮೊದಲು ಹೊಗಳಿಬಿಡುತ್ತೇನೆ. ಹೊಗಳಬೇಕಾದ್ದನ್ನು ಹೊಗಳಿದರೆ ಆಮೇಲೆ ಬೈಯುವುದಕ್ಕೆ ಧೈರ್ಯ ಬರುತ್ತದೆ. ಪಾಂಡವಪುರದ ಹತ್ತಿರ, ಆಲೆಮನೆಯ ಪಕ್ಕದ ಶೆಡ್ಡಿನಲ್ಲಿ ಬೆಲ್ಲದ ಪುಡಿಯ ಪೊಟ್ಟಣ ಕಟ್ಟುತ್ತಿದ್ದ ನಾಲ್ಕಾರು ಹೆಂಗಸರಲ್ಲಿ ನಾನೂ ಒಬ್ಬಳು. ಈಗ ಆ ಜಾಗದಲ್ಲಿ ಫ್ಯಾಕ್ಟರಿ ಎದ್ದಿದೆ. ಸಂಬಳ ಹೇಳಿದ ದಿನ ಬ್ಯಾಂಕಿಗೆ ಬೀಳುತ್ತದೆ, ಪಿಎಫ್ ಇದೆ, ನಮ್ಮನ್ನು ಕರೆತರಲು ಕಿಕ್ಕೇರಿಯವರೆಗೆ ವ್ಯಾನು ಬರುತ್ತದೆ. ಹೆಂಗಸರ ಶೌಚಾಲಯಕ್ಕೆ ಒಳಗಿನಿಂದ ಹಾಕಿಕೊಳ್ಳುವ ಚಿಲಕವಿದೆ. ಶೆಡ್ಡಿನ ಕಾಲದಲ್ಲಿ ಕಬ್ಬಿನ ಗದ್ದೆಗೆ ಹೋಗಿ ಒಬ್ಬರಿಗೊಬ್ಬರು ಕಾವಲು ನಿಲ್ಲುತ್ತಿದ್ದೆವು. ಆ ಚಿಲಕ ಒಂದಕ್ಕೇ ನಾನು ಕಂಪನಿಗೆ ಕೈ ಮುಗಿದೇನು.

ಇನ್ನು ಬೈಗುಳ. ಆಗ ಯಜಮಾನರನ್ನು ಅಣ್ಣ ಎನ್ನುತ್ತಿದ್ದೆವು. ನಮ್ಮಲ್ಲಿ ಯಾರ ಮನೆಯಲ್ಲಿ ಬೀಗರೂಟವಾದರೂ ಕೆಲಸ ನಿಲ್ಲಿಸಿ, ನಮ್ಮನ್ನೆಲ್ಲ ಟೆಂಪೋಗೆ ಹತ್ತಿಸಿಕೊಂಡು ಹೋಗಿ, ತಾವೇ ಬಕೆಟ್ಟು ಹಿಡಿದು ಸಾರು ಬಡಿಸುತ್ತಿದ್ದರು. ಈಗ ಅವರು ಸಾರ್. ರಜೆ ಕೊಡುವುದು ಹೊರಗಿನಿಂದ ಬಂದ ಮ್ಯಾನೇಜರು. ಒಳ್ಳೆಯ ಮನುಷ್ಯರೇ. ಆದರೆ ಮದುವೆಗೆ ರಜೆ ಕೊಡುತ್ತಾರೆ, ಮದುವೆಯಾದ ಮೇಲೆ ಬೀಗರಿಗೆ ಹಾಕಿಸುವ ಬಾಡೂಟಕ್ಕೆ ಕೊಡುವುದಿಲ್ಲ. ನಮ್ಮ ಸೀಮೆಯಲ್ಲಿ ಮದುವೆ ತಪ್ಪಿಸಿದವರಿಗೆ ಮಾಫಿ ಉಂಟು, ಬೀಗರೂಟ ತಪ್ಪಿಸಿದವರಿಗೆ ಇಲ್ಲ ಎಂದು ಅವರಿಗೆ ತಿಳಿಹೇಳುವವರು ಯಾರು?

ಶೆಡ್ಡಿನ ದಿನಗಳಿಂದ ನನ್ನ ಪಕ್ಕದಲ್ಲೇ ಕೆಲಸ ಮಾಡುವ ಅಕ್ಕ ಒಬ್ಬಳಿದ್ದಾಳೆ. ಅಕ್ಕಿಹೆಬ್ಬಾಳಿನವಳು. ಗಂಡ ತೀರಿಕೊಂಡ ಮೇಲೆ ಅವನ ಕಡೆಯವರು ಇತ್ತ ತಲೆ ಹಾಕಲಿಲ್ಲ. ತವರಿನಲ್ಲೂ ಯಾರೂ ಉಳಿದಿಲ್ಲ. ಫ್ಯಾಕ್ಟರಿಗೆ ಹತ್ತಿರದ ಊರಿನಲ್ಲಿ ಬಾಡಿಗೆ ಮನೆ ಹಿಡಿದು ಒಬ್ಬಳೇ ಮಗಳನ್ನು ಬೆಳೆಸಿದಳು. ಆ ಹುಡುಗಿಗೆ ನಾಗಮಂಗಲದ ಕಡೆ ಸಂಬಂಧ ಕೂಡಿಬಂತು. ಹೆಣ್ಣಿನ ಕಡೆ ಯಾರ್ಯಾರಿದ್ದಾರೆ ಎಂದು ಬೀಗರು ಕೇಳಿದಾಗ ಅಕ್ಕ, "ಫ್ಯಾಕ್ಟ್ರಿಯೋರೆಲ್ಲಾ ನಮ್ಮೋರೇಯ" ಅಂದಿದ್ದಳು.

ಮದುವೆ ಭಾನುವಾರ. ಸೋಮವಾರ ನಮ್ಮ ಮನೆಗಳಲ್ಲಿ ಬಾಡು ಬೇಯಿಸುವುದಿಲ್ಲ. ಹಾಗಾಗಿ ಅಕ್ಕನ ಮನೆಯಲ್ಲಿ ಬೀಗರೂಟ ಮಂಗಳವಾರಕ್ಕೆ ಬಿತ್ತು. ಅದೇ ಮಂಗಳವಾರ ದೊಡ್ಡ ಗಿರಾಕಿಗಳು ಫ್ಯಾಕ್ಟರಿ ನೋಡಲು ಬರುವವರಿದ್ದರು. ನಾನು ಪ್ಯಾಕಿಂಗಿನ ಇನ್‌ಚಾರ್ಜ್ ಆದ್ದರಿಂದ ಎಲ್ಲರ ಪರವಾಗಿ ಮ್ಯಾನೇಜರ ಹತ್ತಿರ ನಾನೇ ಹೋದೆ.

"ಊಟಾನ ಭಾನುವಾರ ಇಟ್ಟುಕೊಳ್ಳಬಹುದಿತ್ತಲ್ಲಮ್ಮ?" ಎಂದರು.

"ಭಾನ್ವಾರ ಮದ್ವೆ ಸಾರ್."

"ಮತ್ತೆ ಮದುವೇಲೇ ಊಟ ಮಾಡಿರ್ತೀರಲ್ಲ?"

ಅದು ಸಿಹಿಯೂಟ, ಇದು ಬೀಗರೂಟ ಎಂದು ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಕೊನೆಗೆ ರಜೆ ಸಿಕ್ಕಿದ್ದು ಅಕ್ಕನೊಬ್ಬಳಿಗೆ. ನಾನು ಹೋಗಿ ಹೇಳಿದಾಗ ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಎಲ್ರೂ ಬತ್ತಾರೆ ಅಂದ್ಬುಟ್ಟಿವ್ನಿ ಕಣವ್ವ. ನಮ್ಮ ಕಡೆ ಪಂಕ್ತೀಲಿ ಯಾರ್ನ ಕೂರುಸ್ಲಿ ನಾನು?" ಎಂದಳು.

ಮಂಗಳವಾರ ಊಟದ ಸೈರನ್ ಆಗಿ ಈಚೆ ಬಂದರೆ, ಗೇಟಿನ ಮುಂದೆ ಒಂದು ಗೂಡ್ಸ್ ಆಟೋ ನಿಂತಿದೆ. ಅದರಲ್ಲಿ ಮುದ್ದೆಯ ಪಾತ್ರೆ, ಸಾರಿನ ಹಂಡೆ, ಬಾಳೆಎಲೆಯ ಕಟ್ಟು. ಹಿಂದೆ ಒಂದು ವ್ಯಾನಿನ ತುಂಬ ಬೀಗರು, ಅವರ ಜೊತೆ ಅಕ್ಕ. ಬಾಡು ಒಳಗೆ ಬಿಡುವಂತಿಲ್ಲ ಎಂದು ಸೆಕ್ಯೂರಿಟಿಯವನು ಕೈ ಅಡ್ಡ ಹಿಡಿದಿದ್ದ. ಗಂಡಿನ ತಂದೆ ಪಂಚೆ ಎತ್ತಿಕಟ್ಟಿ ಇಳಿದರು.

"ಒಳಿಕ್ಕೆ ಯಾರ್ಲಾ ಬತ್ತಾರೆ? ಉಣ್ಣೋರು ಬರಾಕಾಗ್ನಿಲ್ಲ ಅಂತ ಊಟಾನೇ ತಂದಿವ್ನಿ. ಈಚೆಗ್ ಬರ್ರವ್ವ, ಎಲೆ ಆಕ್ತೀವಿ."

ಹೊಂಗೆ ಮರದ ನೆರಳಿನಿಂದ ಶುರುವಾದ ಎಲೆಗಳ ಸಾಲು ಗೇಟಿನ ನಡುವಿಗೆ ಬಂದು ನಿಂತಿತು. ಒಂದು ಕಡೆ ಬೀಗರು, ಎದುರಿಗೆ ಯೂನಿಫಾರ್ಮಿನಲ್ಲಿ ಹೆಣ್ಣಿನ ಕಡೆಯವರಾದ ನಾವು. ಅಕ್ಕ ಬಕೆಟ್ಟು ಹಿಡಿದು ಓಡಾಡುತ್ತಿದ್ದಳು. ಅವಳ ಮುಖವನ್ನು ಅಷ್ಟು ಗೆಲುವಾಗಿ ನಾನು ಎಂದೂ ನೋಡಿರಲಿಲ್ಲ.

ಎರಡನೇ ಮುದ್ದೆ ಬಡಿಸುತ್ತಿದ್ದಾಗ ಮತ್ತೆ ಸೈರನ್ ಕೂಗಿತು. ಕೈ ತೊಳೆದು ಒಳಗೆ ಹೋಗಬೇಕು. ಆದರೆ ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರದೂ ಮುಗಿಯುವ ತನಕ ಯಾರೂ ಏಳುವಂತಿಲ್ಲ. ಬೀಗರಲ್ಲಿ ಹಲ್ಲಿಲ್ಲದ ಮುದುಕರೊಬ್ಬರು ಇನ್ನೂ ಮೊದಲ ಮುದ್ದೆಯಲ್ಲೇ ಇದ್ದರು. ನಮ್ಮ ಹೆಂಗಸರೆಲ್ಲ ನನ್ನ ಕಡೆ ನೋಡಿದರು. ಇನ್‌ಚಾರ್ಜ್ ಎದ್ದರೆ ಎಲ್ಲರೂ ಏಳುತ್ತಾರೆ, ಅಕ್ಕನ ಕಡೆಯ ಸಾಲು ಬೀಗರ ಕಣ್ಣೆದುರೇ ಖಾಲಿಯಾಗುತ್ತದೆ. ಅಕ್ಕನೂ ನನ್ನನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಶ್ರೀರಂಗಪಟ್ಟಣದ ಕಡೆಯಿಂದ ಯಜಮಾನರ ಕಾರು ಬಂತು. ಹಿಂದಿನ ಸೀಟಿನಲ್ಲಿ ಗಿರಾಕಿಗಳು. ದಾರಿಗೆ ಅಡ್ಡ ನಮ್ಮ ಎಲೆಗಳು. ಯಜಮಾನರು ಇಳಿದರು. ನಾನು ಅರ್ಧ ಎದ್ದೆ. ಬಾಯಿಂದ "ಅಣ್ಣ" ಎಂದೇ ಬಂತು.

"ಕೂತ್ಕಳಮ್ಮಿ. ಎಲೆ ಮುಂದಿಂದ ಏಳ್ಬಾರ್ದು" ಎಂದರು.

ಕಾರನ್ನು ಆಫ್ ಮಾಡಿಸಿ, ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅಕ್ಕ ಒಂದು ಎಲೆ ತೆಗೆದುಕೊಂಡು ಯಜಮಾನರ ಹತ್ತಿರ ಹೋದಳು. ಅವರು ಕಾರಿನೊಳಗೆ ಒಮ್ಮೆ ನೋಡಿ, "ಇವತ್ತು ಆಗಲ್ಲ ಕಣಕ್ಕ" ಎಂದರು. ಆಮೇಲೆ ಸಾರಿನ ಬಕೆಟ್ಟನ್ನೇ ನೋಡುತ್ತ ಬಿಸಿಲಲ್ಲಿ ನಿಂತಿದ್ದರು. ಮುದುಕರು ನಿಧಾನವಾಗಿ ಮಜ್ಜಿಗೆಯನ್ನೂ ಕುಡಿದು ಮುಗಿಸಿದರು. ಪಂಕ್ತಿ ಎದ್ದಿತು. ಎಲೆಗಳನ್ನು ಎತ್ತಿದೆವು, ಕಾರು ಒಳಗೆ ಹೋಯಿತು, ಹಿಂದೆಯೇ ನಾವೂ ಹೋದೆವು. ಅಂದು ಸಂಜೆಯವರೆಗೂ ನನಗೆ ನನ್ನ ಕಂಪನಿಯ ಮೇಲೆ ಹೆಮ್ಮೆಯಿತ್ತು.

ಮರುದಿನ ಬೆಳಿಗ್ಗೆ ಬೋರ್ಡಿನಲ್ಲಿ ನೋಟೀಸು. ಗೇಟಿನ ಮುಂದೆ ಹೊರಗಿನ ಊಟ ತರುವಂತಿಲ್ಲ, ಗುಂಪು ಕೂರುವಂತಿಲ್ಲ. ಸಹಿ ಮ್ಯಾನೇಜರದ್ದಲ್ಲ, ಯಜಮಾನರದ್ದು. ನನಗೆ ಸಿಟ್ಟು ಬಂತು. ಇಷ್ಟು ದೊಡ್ಡ ಕಂಪನಿ ನಡೆಸುವವರು ಇನ್ನೇನು ಮಾಡಿಯಾರು ಎಂದೂ ಅನ್ನಿಸಿತು, ಅದಕ್ಕೇ ಸಿಟ್ಟು ಹೆಚ್ಚಾಯಿತು.

ಅಕ್ಕನಿಗೆ ಓದಿ ಹೇಳಿದೆ. ಅವಳು ನಕ್ಕಳು.

"ಓಗ್ಲಿ ಬುಡವ್ವ. ನಂಗಿದ್ದೋಳು ಒಬ್ಳೇ ಮಗ್ಳು. ಅವ್ಳ್ದು ಆಯ್ತಲ್ಲ."

ತಲೆಗೆ ಟೋಪಿ ಹಾಕಿಕೊಂಡು ಕೆಲಸಕ್ಕೆ ಹೋದಳು. ನಾನು ಇನ್ನೂ ಸ್ವಲ್ಪ ಹೊತ್ತು ಬೋರ್ಡಿನ ಮುಂದೆ ನಿಂತಿದ್ದೆ. ನನಗೆ ಇಬ್ಬರು ಹೆಣ್ಣುಮಕ್ಕಳು.