ಎಲೆ ತೋಟದ ಚೂರಿಗೊಂದು ಒರೆ

ಹೋದ ತಿಂಗಳು ಹಾಸನದ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಮಗನ ಬೂಟಿಗೆ ಹೊಲಿಗೆ ಹಾಕಿಸಲು ನಿಂತಿದ್ದೆ. ಅಂಗಡಿಯವನು ಮೂಲೆಯಲ್ಲಿದ್ದ ಹೊಸ ಚರ್ಮದ ಸುರುಳಿಯೊಂದನ್ನು ಬಿಚ್ಚಿದ. ತಂಗಡಿ ತೊಗಟೆಯಲ್ಲಿ ಹದವಾದ ತೊಗಲಿಗೆ ಹೊಂಗೆ ಎಣ್ಣೆ ಬೆರೆತ ಆ ಘಾಟು ಮೂಗಿಗೆ ಬಡಿದದ್ದೇ ತಡ, ಆಟೋಗಳ ಸದ್ದು ಎಲ್ಲೋ ದೂರ ಸರಿದು, ನಡು ಮಧ್ಯಾಹ್ನದಲ್ಲಿ ನಿಂತಲ್ಲೇ ಮಂಪರು ಕವಿದ ಹಾಗಾಯಿತು. "ಬೂಟು ಆಯ್ತು ಮೇಡಂ" ಎಂದು ಅವನು ಎರಡು ಸಲ ಕರೆದನಂತೆ. ನಾನು ಅಲ್ಲಿದ್ದರೆ ತಾನೆ ಕೇಳಿಸುವುದು? ನಿಮಗೂ ಹೀಗೆ ಆಗಿರಬಹುದು. ಯಾವುದೋ ಒಂದು ವಾಸನೆ ನಿಮ್ಮನ್ನೂ ಈಗ ಇಲ್ಲದ ಮನೆಯೊಂದರ ಬಾಗಿಲಿಗೆ ಬಿಟ್ಟು ತನ್ನ ಪಾಡಿಗೆ ತಾನು ಹೊರಟುಹೋಗಿರಬಹುದು.

ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ ಹೋಗುವಾಗ ನಾಲೆ ದಾಟಿದ ಮೇಲೆ ಸಿಗುವುದು ನಮ್ಮೂರು. ಮನೆಯ ಯಜಮಾನ ಅಪ್ಪನೇ ಆದರೂ ಮನೆ ನಡೆಯುತ್ತಿದ್ದದ್ದು ಅಪ್ಪನ ಅಕ್ಕ, ನನ್ನ ದೊಡ್ಡತ್ತೆಯ ಮಾತಿನ ಮೇಲೆ. ಚನ್ನರಾಯಪಟ್ಟಣಕ್ಕೆ ಮದುವೆಯಾಗಿ ಹೋಗಿ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಬಂದ ಮಾರನೆಯ ದಿನ ನನ್ನ ಅಜ್ಜಿ ಅವಳನ್ನು ಹಿತ್ತಿಲಿನಾಚೆಯ ವೀಳ್ಯದೆಲೆ ತೋಟಕ್ಕೆ ಕರೆದುಕೊಂಡು ಹೋಗಿ, "ಇನ್ ಮ್ಯಾಲೆ ಇದು ನಿಂದು ಕಣವ್ವ" ಎಂದಳಂತೆ. ಸಮಾಧಾನದ ಮಾತು ಅಷ್ಟೇ. ಅಂದಿನಿಂದ ದೊಡ್ಡತ್ತೆಗೆ ಗಂಡ, ಮಕ್ಕಳು, ದೇವರು ಎಲ್ಲ ಆ ತೋಟವೇ ಆಯಿತು. ಚೊಗಚೆ, ನುಗ್ಗೆ ಮರಗಳ ಮೈತುಂಬ ಹಬ್ಬಿದ ಬಳ್ಳಿಗಳ ನಡುವೆ ಬಿಸಿಲು ಕೂಡ ಹಸಿರಾಗಿಯೇ ಕೆಳಗಿಳಿಯುತ್ತಿತ್ತು. ಬಿದಿರಿನ ತಡಿಕೆಯ ಬಾಗಿಲಾಚೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಅಂಗಾಲಿಗೆ ತಣ್ಣನೆಯ ಕೆಸರು, ಮೂಗಿಗೆ ಎಲೆಯ ಖಾರದ ಕಂಪು. ಮಾತು ತಾನಾಗಿ ತಗ್ಗುತ್ತಿತ್ತು. ಶಾಲೆಯಲ್ಲಿ ಬಾಯಿಬಡುಕಿ ಎನಿಸಿಕೊಂಡ ನಾನು ಕೂಡ ಅಲ್ಲಿ ಪಿಸುಗುಟ್ಟುತ್ತಿದ್ದೆ. ಆ ನೆರಳಿನಲ್ಲಿ ನಾನು ಎಷ್ಟು ಹೊತ್ತು ಎಚ್ಚರವಿರುತ್ತಿದ್ದೆ, ಎಷ್ಟು ಹೊತ್ತು ಕನಸು ಕಾಣುತ್ತಿದ್ದೆ ಎಂದು ಈಗ ಕೇಳಿದರೆ ಹೇಳಲಾರೆ.

ದೊಡ್ಡತ್ತೆಯ ಸೊಂಟದಲ್ಲಿ ಸದಾ ಒಂದು ಚೂರಿ ಇರುತ್ತಿತ್ತು. ಮಡಚುವ ಜಾತಿಯದಲ್ಲ. ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಾ ಬಡಿದು ಮಾಡಿಸಿ, ಜಾಲಿಯ ಹಿಡಿ ಹಾಕಿಸಿದ ಗೇಣುದ್ದದ ಚೂರಿ. ಬಳ್ಳಿ ಕಟ್ಟುವ ಬಾಳೆಪಟ್ಟೆ ಕೊಯ್ಯಲು, ನೆರಳು ಹೆಚ್ಚಾದರೆ ಮರದ ರೆಂಬೆ ಸವರಲು ಅದೇ ಬೇಕು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನಡುವಿಗೆ ಸಿಕ್ಕಿಸಿಕೊಂಡು, ಎರಡು ಕೈಯಲ್ಲೂ ಏಣಿ ಹಿಡಿದು ಸರಸರನೆ ಹತ್ತುತ್ತಿದ್ದಳು. ಒಂದು ಬೆಳಿಗ್ಗೆ ಇಳಿಯುವಾಗ ಕಾಲು ಜಾರಿತು. ಅಲಗು ಬಟ್ಟೆಯನ್ನು ಸೀಳಿ ತೊಡೆಗೆ ಇಳಿಯಿತು. ಸೀರೆಯೆಲ್ಲ ರಕ್ತ ಮಾಡಿಕೊಂಡು ತಾನೇ ನಡೆದು ಮನೆಗೆ ಬಂದು, "ಒಸಿ ಅರಿಸಿನ ಕೊಡು" ಎಂದು ಅಮ್ಮನನ್ನು ಕೇಳಿದಳು. ಕೇಳಿದ್ದು ಪಲ್ಯಕ್ಕೋ ಎಂಬಷ್ಟು ನಿರುಮ್ಮಳ ದನಿ. ಹೊಳೆನರಸೀಪುರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದ ಸಂಜೆ ಅಪ್ಪ ಜಗುಲಿಯಲ್ಲಿ ನಿಂತು, ಅಕ್ಕನ ಮುಖ ನೋಡದೆ ಹೇಳಿದ: "ಸಾಕು ಕಣಕ್ಕಯ್ಯ. ತ್ವಾಟ ಯಾರಿಗಾದ್ರೂ ವಹಿಸ್ಬುಡ್ತೀನಿ. ನೀನು ಮನೇಲಿರು."

ಅವಳು ಜಗಳವಾಡಿದ್ದರೆ ನಮಗೆ ಭಯವಾಗುತ್ತಿರಲಿಲ್ಲ. ಗಾಯ ಮಾಯ್ದ ಮೇಲೂ ಒಲೆಯ ಪಕ್ಕದ ಗೋಡೆಗೆ ಒರಗಿ ಸುಮ್ಮನೆ ಕೂತುಬಿಟ್ಟಳು. ಕೊಟ್ಟರೆ ಉಣ್ಣುವಳು, ಕರೆದರೆ ಏಳುವಳು, ಅಷ್ಟೇ. ಬರಬರುತ್ತ ಅವಳು ನಮ್ಮ ಕಣ್ಣೆದುರೇ ಮಬ್ಬಾಗುತ್ತಿದ್ದಳು. ಕೊನೆಗೆ ಬಾಯಿ ಬಿಟ್ಟವಳು ಅಮ್ಮ. "ಚೂರಿಗೊಂದು ಒರೆ ಮಾಡಿಸ್ರಿ. ಒರೇಲಿ ಇದ್ರೆ ಯಾಕೆ ಚುಚ್ತದೆ?" ಅಪ್ಪ ಒಂದು ದಿನ ಯೋಚಿಸಿ ಒಪ್ಪಿದ. ಒಪ್ಪುವಾಗ ಒಂದು ಕರಾರು ಹಾಕಿದ. ಒರೆಯಿಲ್ಲದ ಚೂರಿ ಸೊಂಟದಲ್ಲಿ ಕಂಡ ದಿನವೇ ತೋಟ ಬೇರೆಯವರ ಪಾಲು. ದೊಡ್ಡತ್ತೆ "ಆಗ್ಲಿ" ಎಂದಳು. ಎಷ್ಟೋ ದಿನಗಳ ಮೇಲೆ ಅವಳ ದನಿ ಕೇಳಿ ನನಗೆ ಅಳುವೇ ಬಂದಿತು.

ಅಪ್ಪ, ದೊಡ್ಡತ್ತೆ, ನಾನು ಮೂವರೂ ಬಸ್ಸು ಹಿಡಿದು ಹೊಳೆನರಸೀಪುರಕ್ಕೆ ಹೋದೆವು. ಅಲ್ಲಿ ಪೇಟೆಯಲ್ಲಿ ಎತ್ತಿನ ಕೊರಳಪಟ್ಟಿ, ಬಾರುಕೋಲು ಮಾಡುತ್ತಿದ್ದ ಚಿಕ್ಕಣ್ಣನ ಅಂಗಡಿ. ಇಡೀ ಅಂಗಡಿಯೇ ಆ ತಂಗಡಿ, ಹೊಂಗೆಯ ಘಾಟಿನಲ್ಲಿ ಅದ್ದಿ ತೆಗೆದಂತಿತ್ತು. ಹೆಂಗಸೊಬ್ಬಳು ಚೂರಿಗೆ ಒರೆ ಕೇಳಿಕೊಂಡು ಬಂದದ್ದು ಚಿಕ್ಕಣ್ಣನಿಗೆ ಅದೇ ಮೊದಲಿರಬೇಕು, ಅಪ್ಪನನ್ನು ನೋಡಿಯೇ ಮಾತಾಡುತ್ತಿದ್ದ. ಮೊದಲು ತೆಗೆದದ್ದು ಕೆಂಪು ಬಣ್ಣ ಕಟ್ಟಿದ ಮೇಕೆ ಚರ್ಮದ ಒರೆ, ನೋಡಲು ಮದುವಣಿಗನ ಸೊಂಟಕ್ಕೆ ಹೇಳಿ ಮಾಡಿಸಿದಂತಿತ್ತು. ನನಗೆ ಅದೇ ಬೇಕೆನಿಸಿತು. ದೊಡ್ಡತ್ತೆ ಹೆಬ್ಬೆರಳಿನಿಂದ ಅದರ ಬಾಯಿ ಒತ್ತಿ ನೋಡಿ ವಾಪಸು ಇಟ್ಟಳು. ಎರಡನೆಯದಕ್ಕೆ ಹಿಡಿಯ ಮೇಲೆ ಬಿಗಿಯುವ ಗುಂಡಿಪಟ್ಟಿ ಇತ್ತು. "ಇದು ಬಲೇ ಭದ್ರ ಸಾ, ಬೀಳಕಿಲ್ಲ" ಎಂದು ಚಿಕ್ಕಣ್ಣ ಅಪ್ಪನಿಗೆ ಹೊಗಳಿದ. ಅಪ್ಪ ತಲೆಯಾಡಿಸಿದ. ದೊಡ್ಡತ್ತೆ ಒಂದೇ ಕೈಯಲ್ಲಿ ಗುಂಡಿ ಬಿಚ್ಚಲು ನೋಡಿ, ಆಗದೆ, "ಇನ್ನೊಂದ್ ಕೈಲಿ ಬಳ್ಳಿ ಇಡ್ಕಂಡಿರ್ತೀನಲ್ಲಪ್ಪ, ನೀನು ಬಂದು ಬಿಚ್ಚಿಯಾ?" ಎಂದಳು. ಚಿಕ್ಕಣ್ಣ ನಕ್ಕುಬಿಟ್ಟ. ಆಮೇಲೆ ಅಪ್ಪನ ಕಡೆ ನೋಡುವುದನ್ನು ಬಿಟ್ಟ.

ಕೊನೆಗೆ ಅವಳು ಆರಿಸಿದ್ದು ಕೊರಳಪಟ್ಟಿಗೆಂದು ಇಟ್ಟಿದ್ದ ದಪ್ಪ ಎಮ್ಮೆ ಚರ್ಮ. ಬಾಯಿ ಅಗಲವಾಗಿ, ಸೆಟೆದು ನಿಂತಿರಬೇಕು, ಏಣಿಯ ಮೇಲೆ ನಿಂತಾಗ ನೋಡದೆಯೇ ಚೂರಿ ಒಳಗೆ ಹೋಗಬೇಕು. ಅಲಗು ತಾಗಿ ನೂಲು ಹರಿಯದಂತೆ ಹೊಲಿಗೆಯ ಒಳಗೆ ಇನ್ನೊಂದು ಪಟ್ಟಿ ಕೂರಿಸಬೇಕು. ಹೀಗೆ ಅವಳು ಹೇಳುತ್ತ ಹೋದಳು, ಚಿಕ್ಕಣ್ಣ ಚರ್ಮದ ಮೇಲೆ ಚೂರಿಯಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ ಹೋದ. ಹಬ್ಬಕ್ಕೆ ಸೀರೆ ಆರಿಸುವಾಗಲೂ ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಕಂಡಿಲ್ಲ. ಮುಂದಿನ ವಾರ ಅಪ್ಪನೇ ಹೋಗಿ ಒರೆ ತಂದ. ಅವಳು ರಾತ್ರಿಯೆಲ್ಲ ಅದನ್ನು ಜಗುಲಿಯಲ್ಲಿ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದ್ದಳು.

ಬೆಳಿಗ್ಗೆ ಮಿಂದು, ಹೊಸ ಒರೆಯನ್ನು ನಡುಪಟ್ಟಿಗೆ ಬಿಗಿದುಕೊಂಡು ಹೊರಟಳು. ಅವಳ ಹಿಂದೆ ನಾವೆಲ್ಲ ಮೆರವಣಿಗೆ. ತಡಿಕೆಯ ಬಾಗಿಲಲ್ಲಿ ಎಂದಿನಂತೆ ಚಪ್ಪಲಿ ಬಿಟ್ಟಳು. ಬಿಟ್ಟವಳು ಅಲ್ಲೇ ನಿಂತಳು. ಅವಳ ಕೈ ಮೆಲ್ಲಗೆ ಒರೆಯ ಮೇಲೆ ಹೋಯಿತು. ಎಲೆ ತೋಟದೊಳಗೆ ಲಕ್ಷ್ಮಿ ಇರುತ್ತಾಳೆ, ಅಲ್ಲಿಗೆ ಚರ್ಮ ಹೋಗಬಾರದು. ಚಪ್ಪಲಿ ಬಿಡುವುದು ಅದಕ್ಕೇ. ಹುಟ್ಟಿದಾಗಿನಿಂದ ಆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ನಮ್ಮಲ್ಲಿ ಒಬ್ಬರಿಗಾದರೂ ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಾದ ಆ ಒಂದು ವಾರದಲ್ಲಿ ಇದು ಹೊಳೆದಿರಲಿಲ್ಲ. ಇಡೀ ಮನೆಗೇ ಮಂಕು ಕವಿದಿತ್ತೋ ಏನೋ.

"ಓಗ್ಲಿ ಬುಡಕ್ಕಯ್ಯ, ಯಾರು ನೋಡ್ತಾರೆ. ಅಂಗೇ ಒಳಕ್ಕೋಗು" ಎಂದ ಅಪ್ಪ.

"ಅವ್ವ ಕೊಟ್ಟ ತ್ವಾಟ ಕಣ್ಲಾ ಸಿದ್ದಣ್ಣ. ನಾನೇ ಮೈಲಿಗೆ ಮಾಡ್ಲಾ?" ಎಂದಳು. ನಡುಪಟ್ಟಿ ಬಿಚ್ಚಿ, ಚೂರಿಯ ಸಮೇತ ಒರೆಯನ್ನು ತಡಿಕೆಯ ಗೂಟಕ್ಕೆ ನೇತುಹಾಕಿದಳು. "ಒರೆ ಇಲ್ದೆ ಚೂರಿ ತಕಳಾಕಿಲ್ಲ ಅಂತ ನಿಂಗೆ ಮಾತು ಕೊಟ್ಟಿವ್ನಿ. ಯಾರಿಗಾದ್ರೂ ವಹಿಸ್ಬುಡು." ಚಪ್ಪಲಿ ಮೆಟ್ಟಿ ಮನೆಯ ಕಡೆ ತಿರುಗಿದಳು. ಒಂದು ಮಾತಿಗೂ ತಪ್ಪಲಿಲ್ಲ, ಆದ್ದರಿಂದಲೇ ಎಲ್ಲವೂ ಕೈತಪ್ಪಿಹೋಗುತ್ತಿತ್ತು. ಅಪ್ಪ ಅವಳ ಬೆನ್ನನ್ನೇ ಒಂದು ಗಳಿಗೆ ನೋಡಿದ. ಆಮೇಲೆ ತನ್ನ ಚಪ್ಪಲಿ ಬಿಟ್ಟು, ಗೂಟದ ಒರೆಯಿಂದ ಚೂರಿ ಹಿರಿದು, ಅಲಗು ನೆಲದ ಕಡೆ ಮಾಡಿ ಹಿಡಿದುಕೊಂಡು ತೋಟದೊಳಗೆ ಹೆಜ್ಜೆಯಿಟ್ಟ. "ಬಾ ಅಕ್ಕಯ್ಯ. ಏಣಿ ತಂಕ ನಾನು ತತ್ತೀನಿ."

ಅಂದಿನಿಂದ ಅದೇ ನಡೆಯಿತು. ನನ್ನ ಬಾಲ್ಯದ ಎಲ್ಲ ಬೆಳಗುಗಳೂ ಈಗ ಅದೊಂದೇ ಬೆಳಗಾಗಿ ಕಾಣುತ್ತವೆ. ಮುಂದೆ ಬರಿಗೈಯಲ್ಲಿ ದೊಡ್ಡತ್ತೆ, ಹಿಂದೆ ಚೂರಿ ಹಿಡಿದ ಅಪ್ಪ, ಇಬ್ಬರ ಮೇಲೂ ಆ ಹಸಿರು ಬೆಳಕು. ಅವಳು ಏಣಿ ಹತ್ತಿ ನಿಂತ ಮೇಲೆ ಅಪ್ಪ ಕೈ ಚಾಚಿ ಚೂರಿಯನ್ನು ಮರದ ಕವಲಿನಲ್ಲಿ ಇಡುತ್ತಿದ್ದ. ಕೈಯಿಂದ ಕೈಗೆ ಚೂರಿ ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮಲ್ಲಿ ಯಾರೂ ಹಾಗೆ ಕೊಡುವುದಿಲ್ಲ. ಅವನು ಒಂದು ಹೆಜ್ಜೆ ಹಿಂದೆ ಸರಿದ ಮೇಲೆ ಅವಳು ಎತ್ತಿಕೊಳ್ಳುತ್ತಿದ್ದಳು. ಇಳಿಯುವ ಮುಂಚೆ ಅದೇ ಕವಲಿನಲ್ಲಿ ಇಡುತ್ತಿದ್ದಳು, ಅವನು ತೆಗೆದುಕೊಳ್ಳುತ್ತಿದ್ದ. ಅಕ್ಕ ತಮ್ಮ ಅಷ್ಟು ಹತ್ತಿರವಿದ್ದದ್ದನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ.

ಆ ತೋಟ ಈಗಿಲ್ಲ. ಬಳ್ಳಿಗೆ ಬುಡ ಕೊಳೆಯುವ ರೋಗ ಬಂದು, ಅಲ್ಲಿ ಜೋಳ ಬಿತ್ತಿ, ಆಮೇಲೆ ಶುಂಠಿ ಹಾಕಿ, ಈಗ ಬೇಲಿಯೇ ಇಲ್ಲದೆ ಟ್ರ್ಯಾಕ್ಟರ್ ನೇರ ಒಳಗೆ ಹೋಗುತ್ತದೆ. ಹಾಗೆ ಹೋದದ್ದು ನನಗೆ ಇಂದಿಗೂ ಸಂಕಟವೇ. ಅಪ್ಪನೂ ಇಲ್ಲ. ಆದರೂ ಕಣ್ಣು ಮುಚ್ಚಿದರೆ ಬರುವುದು ಒಂದು ಬೆಳಿಗ್ಗೆ. ತೋಟ ಇನ್ನೂ ಇದ್ದಾಗಲೇ ದೊಡ್ಡತ್ತೆ ಒಂದು ಚಳಿಗಾಲ ಜ್ವರದಲ್ಲಿ ಮಲಗಿ ಏಳಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ಕೆಲವು ದಿನಗಳ ಮೇಲೆ, ಎಲೆ ಬಲಿತು ಹಾಳಾಗುತ್ತದೆಂದು ಅಪ್ಪ ತೋಟಕ್ಕೆ ಹೊರಟ. ನಾನು ಹಿಂದೆ ಹೋದೆ. ತಡಿಕೆಯಲ್ಲಿ ಚಪ್ಪಲಿ ಬಿಟ್ಟು, ಚೂರಿ ಹಿರಿದು, ಅಲಗು ಕೆಳಗೆ ಮಾಡಿ ನಡೆದ. ಏಣಿಯನ್ನು ಮರಕ್ಕೆ ಒರಗಿಸಿದ. ಆಮೇಲೆ ಕೈ ಚಾಚಿ ಚೂರಿಯನ್ನು ಕವಲಿನಲ್ಲಿ ಇಟ್ಟ. ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಅವನು ತುಂಬ ಹೊತ್ತು ಹಾಗೇ ನಿಂತಿದ್ದ. ಕೊನೆಗೆ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ಮುಂದೆ ಬಂದು, ಕವಲಿನಲ್ಲಿದ್ದ ಚೂರಿಯನ್ನು ತಾನೇ ಎತ್ತಿಕೊಂಡ.