ಕಿವಿಗೆ ಬಿಟ್ಟ ಬೆಳ್ಳುಳ್ಳಿ ಎಣ್ಣೆ

ಪುಟ್ಟೂ, ಚಿನ್ನೂ, ಹೋದ ವಾರ ನಿಮ್ಮಲ್ಲೊಬ್ಬರು ಕಿವಿನೋವೆಂದು ಅತ್ತಾಗ ಪಕ್ಕದ ಮನೆಯವರು ಬಿಸಿ ಎಣ್ಣೆಯ ಬಟ್ಟಲು ಹಿಡಿದು ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಹೊರಗಿನವರ ಎದುರು ಬಾಯಿ ಬಿಡದ ಅಜ್ಜಿಗೆ ಇದೇನಾಯಿತು ಎಂದು ನೀವು ಕೇಳಿದಿರಿ. ಆಗ ಹೇಳಲಾಗಲಿಲ್ಲ. ನೆನೆದರೇ ಆ ವಾಸನೆ ಮೂಗಿಗೆ ಬರುತ್ತದೆ. ಬರೆದರೆ ವಾಸನೆ ತುಸು ದೂರ ಇರಬಹುದೆಂದು ಬರೆಯುತ್ತಿದ್ದೇನೆ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಬೊಂಬಾಯಿಯ ಘಾಟ್ಕೋಪರಿನ ಚಾಳೊಂದರಲ್ಲಿ ನಮಗೆ ಒಂದೇ ಕೋಣೆ. ನಾನು, ನಿಮ್ಮಜ್ಜ, ಅವರ ವಿಧವೆ ಅಕ್ಕ. ಅವರನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಚಾಳಿನ ಕೆಳಗೇ ಉಡುಪಿ ಹೋಟೆಲು. ಅಲ್ಲಿ ನಿಮ್ಮಜ್ಜ ದೋಸೆಯ ಭಟ್ಟರು. ಗ್ಯಾಲರಿಯಿಂದ ಬಗ್ಗಿದರೆ ಹೋಟೆಲಿನ ಹಿಂಬಾಗಿಲೂ ಅದರೊಳಗಿನ ಕಾವಲಿಯ ಹೊಗೆಯೂ ಕಾಣುತ್ತಿದ್ದವು. ಮಾಣಿಗಳು ತಲೆ ಹಾಕಿ “ಎರಡು ಸಾದಾ, ಒಂದು ಮಸಾಲೆ” ಎಂದು ಕೂಗಿ ಓಡುವರು. ಇವರು ತಿರುಗಿ ಕೇಳದೆ ಹೊಯ್ಯುವರು. ಸುತ್ತಲಿನ ಗುಜರಾತಿಗಳು ಆ ಹೋಟೆಲಿಗೆ ಬರುತ್ತಿದ್ದುದೇ ಅಲ್ಲಿ ಬೆಳ್ಳುಳ್ಳಿಯ ಸೋಂಕಿಲ್ಲವೆಂದು. ನಿಮ್ಮಜ್ಜನೂ ಹುಟ್ಟಿದಂದಿನಿಂದ ಬೆಳ್ಳುಳ್ಳಿ ಬಾಯಿಗೆ ಹಾಕಿದವರಲ್ಲ. ಹೋಟೆಲಿನ ಧಣಿ ಇವರನ್ನು ಕಾವಲಿಯ ಮುಂದೆ ನಿಲ್ಲಿಸಿದ್ದಕ್ಕೆ ಕೈರುಚಿಯಷ್ಟೇ ಆ ಬಾಯಿಯ ನೇಮವೂ ಕಾರಣ.

ಕಿವಿ ಕೆಟ್ಟದ್ದು ದಾದರಿನಲ್ಲಿ. ಸ್ಟೇಷನ್ನಿನ ಹೊರಗೆ ಕೆಂಪು ಮುಂಡಾಸಿನ ಕಿವಿಯ ಗುಗ್ಗೆ ತೆಗೆಯುವವನ ಎದುರು ಇವರು ಕುಕ್ಕರುಗಾಲಿನಲ್ಲಿ ಕೂತರು. ಅವನು ಕಬ್ಬಿಣದ ಕಡ್ಡಿಗೆ ಅಂಟಿದ್ದ ಹಿಂದಿನ ಗಿರಾಕಿಯ ಗುಗ್ಗೆಯನ್ನು ತನ್ನ ಧೋತರಕ್ಕೆ ಒರೆಸಿ, ಅದನ್ನೇ ಇವರ ಕಿವಿಗೆ ತೂರಿಸಿದ. ತೆಗೆದದ್ದನ್ನು ಎಡಗೈಯ ಹಿಂಬದಿಗೆ ಬಳಿಯುತ್ತ ಹೋದ, ಹಳೆಯ ಬೆಲ್ಲದ ಬಣ್ಣ. “ದೇಖೋ ಬಾಯಿ, ಕಿತ್ನಾ ಮಾಲ್!” ಎಂದು, ಎಷ್ಟು ಸರಕು ನೋಡಮ್ಮ ಎಂಬ ಹೆಮ್ಮೆಯಿಂದ, ಆ ಕೈಯನ್ನು ನನ್ನ ಮುಖದ ಹತ್ತಿರಕ್ಕೇ ತಂದ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅಷ್ಟರಲ್ಲಿ ಲೋಕಲ್ ಹಿಡಿಯಲು ಓಡುವವರ್ಯಾರೋ ಅವನ ಮೊಣಕೈಗೆ ಬಡಿದರು. ಕಡ್ಡಿ ಒಳಗೆ ಹೋಯಿತು. ಇವರು ಕೂಗಿಕೊಂಡರು.

ಆಮೇಲೆ ಕಿವಿ ಸೋರಲು ತೊಡಗಿತು. ಮೊದಲು ನೀರು, ಬಳಿಕ ಹಳದಿ ಕೀವು. ಬೆಳಿಗ್ಗೆ ದಿಂಬಿನ ಬಟ್ಟೆ ಕೆನ್ನೆಗೆ ಅಂಟಿರುತ್ತಿತ್ತು. ಬಿಡಿಸಿದರೆ ಪರ್ ಎನ್ನುವುದು. ಆ ವಾಸನೆ ಸತ್ತ ಇಲಿಯದ್ದು. ಒಂದೇ ಕೋಣೆಯಲ್ಲಿ ಮೂಗನ್ನು ಎಲ್ಲಿಗೆ ಒಯ್ಯಲಿ? ಆ ಬಟ್ಟೆಯನ್ನು ಬಚ್ಚಲಿನ ಮೋರಿಯಲ್ಲಿ ಒಗೆದು ಬಂದ ಕೈಯಿಂದ ಅನ್ನ ಕಲೆಸಲು ನನಗೆ ಆಗುತ್ತಿರಲಿಲ್ಲ. ಗಂಡನ ಬಗ್ಗೆ ಹೀಗೆ ಬರೆಯಬಾರದು ಎನ್ನುತ್ತಾರೆ. ಇದ್ದದ್ದು ಇದ್ದ ಹಾಗೆ.

ಅತ್ತಿಗೆಗೆ ಒಂದೇ ಮದ್ದು ಗೊತ್ತಿತ್ತು, ಬೆಳ್ಳುಳ್ಳಿ ಹುರಿದ ತೆಂಗಿನೆಣ್ಣೆ. ಬೆಳ್ಳುಳ್ಳಿ ನಮ್ಮ ಕೋಣೆಯ ಹೊಸಿಲು ದಾಟುವಂತಿರಲಿಲ್ಲ. ಪಕ್ಕದ ಮರಾಠಿ ಹೆಂಗಸಿನ ಒಲೆಯಲ್ಲಿ ಎಣ್ಣೆ ಕಾಯಿಸಿ, ಶೀಶೆಯನ್ನು ಗ್ಯಾಲರಿಯ ಮೂಲೆಯಲ್ಲಿಟ್ಟರು. ಬಿಡುವಾಗ ನಿಮ್ಮಜ್ಜ ಹಿಂಜರಿದರು.

“ಅಕ್ಕಾ, ಬೆಳ್ಳುಳ್ಳಿಯಲ್ಲವಾ?”

“ಕಿವಿ ಎಂತ ಬಾಯಿಯಾ? ಮದ್ದಿಗೆ ಮಡಿ ಇಲ್ಲ. ಸುಮ್ಮನೆ ಅಡ್ಡ ಮಲಗು.”

ಗ್ಯಾಲರಿಯಲ್ಲೇ ಮಲಗಿಸಿ ಎಣ್ಣೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಇವರು ದಡಬಡ ಎದ್ದು ಕೂತು ನಾಲಿಗೆ ಹೊರಚಾಚಿದರು.

“ಥೂ! ಗಂಟಲಿಗೆ ಬಂತು ಅಕ್ಕಾ. ಬೆಳ್ಳುಳ್ಳಿ ರುಚಿ!”

“ಬಂತಾ? ಹಾಗಾದ್ರೆ ಒಳಗೆ ಇಳಿಯಿತು ಅಂತ ಆಯ್ತು. ಮಲಗು, ಇನ್ನು ನಾಲ್ಕು ಬಿಂದು ಬಿಡುವಾ.”

ದಿನವೂ ಹೀಗೆಯೇ. ಬೆಳ್ಳುಳ್ಳಿ ಒಂದೇ ಏನು, ಕೀವೂ ಆ ಎಣ್ಣೆಯ ಜೊತೆ ಇಳಿಯುತ್ತಿತ್ತಲ್ಲ. ಅವರು ಉಗುಳುವುದನ್ನು ಕಂಡು ನಾನು ತಟ್ಟೆಯ ಮುಂದಿನಿಂದ ಎದ್ದು ಹೋದದ್ದುಂಟು.

ಒಂದು ದಿನ ಕಾವಲಿಯ ಹತ್ತಿರ ಬಂದ ಧಣಿ ಮೂಗು ಅರಳಿಸಿದರು. “ಭಟ್ರೇ, ಬಾಯಿ ತೆರೀರಿ ನೋಡುವಾ. ಎಂತ ವಾಸನೆ ಮಾರಾಯ್ರೆ ಇದು?”

“ಭಟ್ರು ಸ್ಟೇಷನ್ ಹತ್ರ ಬಟಾಟೆ ವಡೆ ಹೊಡೆದು ಬರ್ತಾರೆ ಧಣಿ, ಬೆಳ್ಳುಳ್ಳಿ ಚಟ್ನಿ ಸಮೇತ,” ಎಂದು ಮಾಣಿಯೊಬ್ಬ ನಕ್ಕ.

ಧಣಿ ನಗಲಿಲ್ಲ. ಇನ್ನೊಮ್ಮೆ ಈ ವಾಸನೆ ಬಂದರೆ ಗಂಟು ಕಟ್ಟಿಕೊಂಡು ಊರಿಗೆ ಹೋಗಿ ಎಂದರು. ಬೆಳ್ಳುಳ್ಳಿ ತಿಂದಿಲ್ಲವೆನ್ನಲು ಸೋರುವ ಕಿವಿ ತೋರಿಸಬೇಕು. ಕೀವಿನ ಕಿವಿಯವನನ್ನು ಹಿಟ್ಟಿನ ಹತ್ತಿರ ಯಾರು ನಿಲ್ಲಿಸುತ್ತಾರೆ? ನಿಮ್ಮಜ್ಜ ಸುಮ್ಮನೆ ಬೈಸಿಕೊಂಡು ಬಂದರು. ಆ ಕಾವಲಿ ಹೋದರೆ ನಮಗೆ ಬೊಂಬಾಯಿಯೇ ಇಲ್ಲ. ಅತ್ತಿಗೆ ಪೂಜೆಗೆ ಕೂತಿದ್ದ ಹೊತ್ತು ನೋಡಿ ನಾನು ಇವರನ್ನು ದಾದರಿನ ಒಂದು ದವಾಖಾನೆಗೆ ಹೊರಡಿಸಿದೆ. ವೈದ್ಯರು ಮೈಸೂರು ಕಡೆಯವರು.

ಇವರು ಸೋರುತ್ತದೆ ಎಂದಷ್ಟೇ ಹೇಳಿದರು, ಬೆಳ್ಳುಳ್ಳಿಯ ಮಾತೆತ್ತಲಿಲ್ಲ. ನಾನು ಬಾಗಿಲ ಹತ್ತಿರ ನೆಲ ನೋಡುತ್ತ ನಿಂತಿದ್ದೆ.

“ಏನಮ್ಮಾ, ಏನೋ ಹೇಳೋಕೆ ಬಾಯಿ ತೆಗೆದ್ರಲ್ಲ, ಹೇಳಿ,” ಎಂದರು ವೈದ್ಯರು.

ಊರು ಬಿಟ್ಟ ಮೇಲೆ ಪರಗಂಡಸಿನ ಜೊತೆ ನಾನು ಆಡಿದ ಮೊದಲ ಮಾತು ಇದು: “ಬೆಳ್ಳುಳ್ಳಿ ಎಣ್ಣೆ ಬಿಡ್ತೇವೆ. ಅದು ಅವರ ಗಂಟಲಿಗೆ ಬರ್ತದೆ.”

ನಿಮ್ಮಜ್ಜ ನನ್ನನ್ನು ಸುಡುವಂತೆ ನೋಡಿದರು. ವೈದ್ಯರು ಮಾತ್ರ ಕುರ್ಚಿಯಿಂದ ಎದ್ದರು. “ಮೂಗು ಹಿಡ್ಕೊಂಡು, ಬಾಯಿ ಮುಚ್ಚಿ, ಒಳಗೇ ಊದಿ ಸ್ವಾಮಿ.” ಊದಿದರು. ಕಿವಿಯಿಂದ ಸಣ್ಣಗೆ ಸುಯ್ ಎಂದಿತು. ಹಳದಿ ಗುಳ್ಳೆಯೊಂದು ಉಬ್ಬಿ ಹೊರಬಂದು ಒಡೆಯಿತು. ನಾನು ಮುಖವನ್ನು ಗೋಡೆಯ ಕಡೆ ತಿರುಗಿಸಿದೆ.

ಗೋಡೆಯಲ್ಲಿ ಕಿವಿಯ ದೊಡ್ಡ ಚಿತ್ರವಿತ್ತು. ಅದನ್ನು ತೋರಿಸಿ ಅವರು ಹೇಳಿದ್ದು ನನಗೆ ತಿಳಿದದ್ದು ಹೀಗೆ. ಹೊರಗಿನ ತೂತು ಒಂದು ಗಲ್ಲಿ. ಗಲ್ಲಿಯ ಕೊನೆಗೆ ಬಾಗಿಲಂತೆ ಈರುಳ್ಳಿಯ ಒಳಪೊರೆಯಷ್ಟು ತೆಳುವಾದ ಚರ್ಮ, ಅದೇ ತಮಟೆ. ಹಿಂದೆ ಪುಟ್ಟ ಕೋಣೆ. ಅದರಲ್ಲಿ ಅಕ್ಕಿಕಾಳಿನಂಥ ಮೂರು ಮೂಳೆ ಒಂದಕ್ಕೊಂದು ತಾಗಿವೆ. ಸದ್ದು ಬಂದಾಗ ತಮಟೆ ನಡುಗಿ, ಮೂಳೆಗಳು ಅಲುಗಿ, ಒಳಗಿನ ಬಸವನಹುಳದಂಥ ಸುರುಳಿಯಲ್ಲಿರುವ ನೀರನ್ನು ಕದಡುತ್ತವೆ. ಅಲ್ಲಿಂದ ನರವೊಂದು ಸುದ್ದಿಯನ್ನು ಮಿದುಳಿಗೆ ಒಯ್ಯುತ್ತದೆ. ನಡುವಿನ ಕೋಣೆಗೆ ಗಾಳಿ ಬೇಕಲ್ಲ, ಅದಕ್ಕೆ ಗಂಟಲಿನಿಂದ ಒಂದು ಕೊಳವೆ. ತಲೆಯೊಳಗೆ ಬಸವನಹುಳ, ನೀರು, ಕೊಳವೆ! ಆ ಚಿತ್ರದ ಕೆಂಪು ಬಣ್ಣ ನೋಡಿದಾಗ ದೇವರ ಈ ಕೆಲಸವೂ ಹೇಸಿಗೆಯೆನಿಸಿತು.

“ತಮಟೆಗೆ ತೂತು ಬಿದ್ದಿದೆ. ಕಿವಿಗೆ ಬಿಟ್ಟಿದ್ದನ್ನೆಲ್ಲ ಇವರು ಕುಡಿದಿದಾರೆ ಕಣಮ್ಮ. ಎಣ್ಣೆ ಬೇಡ, ನೀರೂ ಬೇಡ. ಒಣಗಿದ್ರೆ ಚರ್ಮ ತಾನಾಗೇ ಕೂಡ್ಕೋಬಹುದು,” ಎಂದು ಅವರು ಕೀವು ಒರೆಸಿ, ಬಿಳಿ ಪುಡಿ ಊದಿ ಕಳಿಸಿದರು.

ನಿಮ್ಮಜ್ಜ ಮನೆಗೆ ಬರಲಿಲ್ಲ, ನೇರ ಹೋಟೆಲಿಗೆ ಹೋದರು. ನಾನು ಗ್ಯಾಲರಿಯಿಂದ ಬಗ್ಗಿ ನೋಡುತ್ತಿದ್ದೆ. ಹಿಂಬಾಗಿಲಲ್ಲಿ ಧಣಿಯನ್ನು ನಿಲ್ಲಿಸಿ, “ನಾನು ಬೆಳ್ಳುಳ್ಳಿ ತಿಂದವನಲ್ಲ ಧಣಿ. ಕಿವಿಗೆ ಬಿಟ್ಟ ಮದ್ದಿನೆಣ್ಣೆ ಗಂಟಲಿಗೆ ಇಳಿದದ್ದು. ನೋಡಿ,” ಎಂದವರೇ ಮೂಗು ಹಿಡಿದು, ಬಿಳಿ ಪುಡಿಯೊಡನೆ ಕೀವಿನ ಗುಳ್ಳೆ ಏಳುವಂತೆ ಊದಿದರು.

“ಅಯ್ಯಯ್ಯೋ! ಥೂ, ಥೂ! ಮುಚ್ಚಿ ಮಾರಾಯ್ರೆ, ಮುಚ್ಚಿ!” ಧಣಿ ಎರಡು ಹೆಜ್ಜೆ ಹಿಂದೆ ಹಾರಿದರು. ವಡೆಯ ಮಾತಾಡಿದ್ದ ಮಾಣಿ ಮೋರಿಗೆ ಓಡಿ ವಾಂತಿ ಮಾಡಿದ. ಧಣಿ ದೂರದಿಂದಲೇ ತೀರ್ಪು ಕೊಟ್ಟರು: ಭಟ್ಟರ ಬಾಯಿ ಶುದ್ಧ, ಕಿವಿ ಹೊಲಸು, ಒಣಗುವವರೆಗೆ ಒಳಗೆ ಕಾಲಿಡುವ ಹಾಗಿಲ್ಲ, ಅಷ್ಟರಲ್ಲಿ ಬೇರೆಯವನ ಕೈ ಕುದುರಿದರೆ ಕಾವಲಿ ಅವನದು.

ಅತ್ತಿಗೆ ನನ್ನ ಜೊತೆ ಮಾತು ಬಿಟ್ಟರು. “ಬಂದವಳು ನಿನ್ನೆ ಮೊನ್ನೆ, ನನಗೆ ಕಿವಿ ಕಲಿಸ್ತಾಳೆ,” ಎಂದು ಗೋಡೆಗೆ ಹೇಳುತ್ತಿದ್ದರು. ಆದರೆ ತಮ್ಮನಿಗೆ ಇಷ್ಟು ದಿನ ಬೆಳ್ಳುಳ್ಳಿ ಕುಡಿಸಿದ್ದೇನೆಂದು ಅರ್ಥವಾದ ದಿನ ಅವರು ಊಟ ಮಾಡಲಿಲ್ಲ. ಮರುದಿನ ಶೀಶೆ ಗ್ಯಾಲರಿಯಲ್ಲಿ ಇರಲಿಲ್ಲ. ನಾನು ದಿನಾ ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸುತ್ತಿದ್ದೆ, ಉಸಿರು ಬಿಗಿಹಿಡಿದು, ಮುಖ ಆಚೆ ತಿರುಗಿಸಿ. ಪ್ರೀತಿಯಿಂದ ಒರೆಸಿದೆ ಎಂದರೆ ಸುಳ್ಳಾಗುತ್ತದೆ. ಕೆಳಗೆ ಬೇರೊಬ್ಬನ ದೋಸೆ ಸೀಯುವ ವಾಸನೆ ಬಂದಾಗಲೆಲ್ಲ ಇನ್ನಷ್ಟು ಗಟ್ಟಿಯಾಗಿ ಒರೆಸಿದೆ. ಕ್ರಮೇಣ ಹತ್ತಿ ಬೆಳ್ಳಗೇ ಹೊರಬರತೊಡಗಿತು. ಒಂದು ಬೆಳಿಗ್ಗೆ ಮೂಗು ಹಿಡಿದು ಊದಿದರೂ ಕಿವಿಯಿಂದ ಗಾಳಿ ಬರಲಿಲ್ಲ.

ಆ ಬೆಳಿಗ್ಗೆ ಇಬ್ಬರೂ ಹಿಂಬಾಗಿಲಿಗೆ ಹೋದೆವು. ಧಣಿಗೆ ಮಾತಿನಲ್ಲಿ ನಂಬಿಕೆಯಿಲ್ಲ. ಮುಖ ಹಿಂಡಿಕೊಂಡು, ಕೊಳೆತ ತರಕಾರಿ ಆರಿಸುವವರಂತೆ ಬಗ್ಗಿ ನಿಮ್ಮಜ್ಜನ ಕಿವಿಯನ್ನು ಮೂಸಿದರು. ಸಾಲದೆಂದು ಇನ್ನೊಮ್ಮೆ ಮೂಸಿದರು.

“ಹ್ಞೂಂ. ಹೋಗಿ ಭಟ್ರೇ, ಕಾವಲಿ ಹಿಡೀರಿ. ಗಿರಾಕಿ ಕಾಯ್ತಿದಾರೆ.”

ಮಕ್ಕಳೇ, ಈ ಹಾಳೆಗಳು ಕಳೆಯದಂತೆ ನೋಡಿಕೊಳ್ಳಿ. ಇನ್ನೊಮ್ಮೆ ಬರೆದುಕೊಡು ಎಂದರೆ ಬರೆಯಲಾರೆ. ಇಷ್ಟು ಬರೆಯುವುದರಲ್ಲೇ ಎದ್ದೆದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದಿದ್ದೇನೆ.